ನಿವೇಶನದ ಹಕ್ಕು ಮತ್ತು ದಾಖಲೆಯ ಭಾಷೆ: ಕೊಡಂಗಲ್, ತಾಂಡೂರು, ಜಹೀರಾಬಾದ್ ಮತ್ತು ನಾರಾಯಣಖೇಡ ಪ್ರದೇಶದ ಒಂದು ವಿವೇಚನೆ

ಬಡ ಕುಟುಂಬವೊಂದು ಮನೆ ಕಟ್ಟಿಕೊಳ್ಳಲು ಸರ್ಕಾರದ ನೆರವು ಕೋರಿದಾಗ ಮೊದಲು ಎದುರಾಗುವುದು ನಿವೇಶನದ ಪ್ರಶ್ನೆ. ತೆಲಂಗಾಣ ಸರ್ಕಾರವು 2024ರ ಮಾರ್ಚ್ 11ರಂದು ಭದ್ರಾಚಲಂನಲ್ಲಿ ಆರಂಭಿಸಿದ ಇಂದಿರಮ್ಮ ಮನೆ ಯೋಜನೆಯು ಸ್ವಂತ ನಿವೇಶನವುಳ್ಳ ಬಡ ಕುಟುಂಬಕ್ಕೆ 5 ಲಕ್ಷ ರೂಪಾಯಿಗಳನ್ನು ಕಂತುಗಳಲ್ಲಿ ನೀಡುತ್ತದೆ. ಮೊದಲ ಹಂತದ ಆದ್ಯತೆ ನಿವೇಶನವುಳ್ಳವರಿಗೆ. ನಿವೇಶನವಿಲ್ಲದವರ ಪಟ್ಟಿ ಬೇರೆ. ಆದುದರಿಂದ ಒಂದು ಕುಟುಂಬ ಯಾವ ಪಟ್ಟಿಗೆ ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಬಡತನಕ್ಕಿಂತ ಹೆಚ್ಚಾಗಿ ಅದರ ಕೈಯಲ್ಲಿರುವ ಕಾಗದ.

ಈ ಕಾಗದದ ಚರಿತ್ರೆ ಕೊಡಂಗಲ್, ತಾಂಡೂರು, ಜಹೀರಾಬಾದ್ ಮತ್ತು ನಾರಾಯಣಖೇಡಗಳಲ್ಲಿ ಒಂದು ವಿಶಿಷ್ಟ ಸ್ವರೂಪವನ್ನು ಪಡೆದಿದೆ. ಇಲ್ಲಿನ ಕನ್ನಡ ಮನೆಮಾತಿನ ಕುಟುಂಬಗಳ ಭೂದಾಖಲೆ ಹುಟ್ಟಿದ್ದು ಒಂದು ರಾಜ್ಯದಲ್ಲಿ, ಬೆಳೆದದ್ದು ಇನ್ನೊಂದರಲ್ಲಿ, ಇಂದು ಪರಿಶೀಲನೆಗೊಳ್ಳುತ್ತಿರುವುದು ಮೂರನೆಯದರಲ್ಲಿ. ಅದು ಉರ್ದು, ತೆಲುಗು ಮತ್ತು ರೋಮನ್ ಲಿಪಿಗಳನ್ನು ಹಾದುಬಂದಿದೆ. ಸರ್ಕಾರಿ ಭೂಮಿಯ ಬಿಡುಗಡೆ, ಹಕ್ಕುಪತ್ರ ಮತ್ತು ಬಡಾವಣೆ ಯೋಜನೆ ಎಂಬ ಮೂರು ಹಂತಗಳಲ್ಲಿ ಭಾಷೆಯ ಪ್ರಶ್ನೆ ಎಲ್ಲೆಲ್ಲಿ ತಲೆಯೆತ್ತುತ್ತದೆ, ಕಾನೂನು ಅದಕ್ಕೆ ಎಷ್ಟು ಅವಕಾಶವಿತ್ತಿದೆ ಎಂಬುದರ ವಿವರಣೆಯೇ ಇಲ್ಲಿನ ಉದ್ದೇಶ.

1956ರ ಗಡಿ ಮತ್ತು ಖಾಸ್ರಾ ಪಹಣಿ

1956ರ ರಾಜ್ಯ ಪುನರ್ವಿಂಗಡಣಾ ಅಧಿನಿಯಮದಂತೆ ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಬೀದರ್ ಜಿಲ್ಲೆಯಿಂದ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಹೊರತುಪಡಿಸಿದ ಜಹೀರಾಬಾದ್ ತಾಲ್ಲೂಕು ಹಾಗೂ ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಅದೇ ರೀತಿ ವರ್ಗಾವಣೆಗೊಂಡವು. ಕೊಡಂಗಲ್ ಮಹಬೂಬನಗರ ಜಿಲ್ಲೆಗೂ, ತಾಂಡೂರು ಹೈದರಾಬಾದ್ ಜಿಲ್ಲೆಗೂ, ಬೀದರ್ ಭಾಗದ ಪ್ರದೇಶಗಳು ಮೆದಕ್ ಜಿಲ್ಲೆಗೂ ಸೇರಿದವು. 2016ರ ಅಕ್ಟೋಬರ್ ತಿಂಗಳ ಜಿಲ್ಲಾ ಪುನರ್ರಚನೆಯಲ್ಲಿ ಕೊಡಂಗಲ್ ಮತ್ತು ತಾಂಡೂರು ವಿಕಾರಾಬಾದ್ ಜಿಲ್ಲೆಗೆ, ಜಹೀರಾಬಾದ್ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೆ ಬಂದವು. ಅರುವತ್ತು ವರ್ಷಗಳಲ್ಲಿ ಒಂದೇ ಹೊಲದ ಕಡತ ಹಲವು ಜಿಲ್ಲಾ ಕೇಂದ್ರಗಳನ್ನು ಕಂಡಿತು.

ಗಡಿ ಬದಲಾದರೂ ಕಾನೂನು ಒಡನೆಯೇ ಬದಲಾಗಲಿಲ್ಲ. ಆಗ ಜಾರಿಯಲ್ಲಿದ್ದ ಕಾನೂನುಗಳು ಮುಂದಿನ ಬದಲಾವಣೆಯವರೆಗೆ ಅದೇ ಪ್ರದೇಶದಲ್ಲಿ ಮುಂದುವರಿಯಬೇಕೆಂದು ಪುನರ್ವಿಂಗಡಣಾ ಅಧಿನಿಯಮವೇ ವಿಧಿಸಿತು. ಹೀಗಾಗಿ 1317 ಫಸಲಿ, ಅಂದರೆ 1907ರ ಹೈದರಾಬಾದ್ ಭೂಕಂದಾಯ ಅಧಿನಿಯಮವು ಗಡಿಯ ಎರಡೂ ಬದಿ ಕೆಲಕಾಲ ಉಳಿಯಿತು. ಸೇಡಂ, ಚಿಂಚೋಳಿಗಳಲ್ಲಿ ಅದರ ಸ್ಥಾನಕ್ಕೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮ ಬಂದಿತು. ಕೊಡಂಗಲ್ಲಿನಲ್ಲಿ ಅದೇ ಹಳೆಯ ಅಧಿನಿಯಮ ತೆಲಂಗಾಣದ ಹೆಸರು ತಳೆದು ಇಂದಿಗೂ ಬಳಕೆಯಲ್ಲಿದೆ.

ತೆಲಂಗಾಣದಲ್ಲಿ ಭೂಮಿಯ ಮೂಲ ಹಕ್ಕನ್ನು ಸಾಧಿಸಬೇಕಾದಾಗ ಕಂದಾಯ ಕಚೇರಿಯೂ ನ್ಯಾಯಾಲಯವೂ ಮೊದಲು ಕೇಳುವುದು 1954-55ರ ಖಾಸ್ರಾ ಪಹಣಿಯನ್ನು. 1358 ಫಸಲಿಯ ಹೈದರಾಬಾದ್ ಹಕ್ಕುದಾಖಲೆ ನಿಯಮಾವಳಿಯ ಚೌಕಟ್ಟಿನೊಳಗೆ ಸಿದ್ಧವಾದ ಈ ದಾಖಲೆಯಲ್ಲಿ ಸರ್ವೆ ನಂಬರು, ಪಟ್ಟಾದಾರ, ವಾಸ್ತವ ಸ್ವಾಧೀನದಾರ ಮತ್ತು ಭೂಮಿಯ ವರ್ಗ ನಮೂದಾಗಿವೆ. ಅದರ ಕಾಲವನ್ನು ಗಮನಿಸಬೇಕು. 1954-55ರಲ್ಲಿ ಕೊಡಂಗಲ್ ಇನ್ನೂ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಇಂದು ವಿಕಾರಾಬಾದ್ ಜಿಲ್ಲೆಯ ರೈತನ ಹಕ್ಕಿಗೆ ಆಧಾರವಾಗಿರುವ ದಾಖಲೆ ಗುಲಬರ್ಗಾ ಜಿಲ್ಲಾಡಳಿತದಲ್ಲಿ ಬರೆಯಲ್ಪಟ್ಟದ್ದು. ಅದರ ಬೆನ್ನಿಗೇ ಬಂದ ಚೇಸಲಾ ಪಹಣಿ 1955ರಿಂದ 1958ರವರೆಗಿನದು. ಮೂರು ವರ್ಷದ್ದು ಎಂಬರ್ಥದ ಪರ್ಷಿಯನ್ ‘ಸೆಹ್‌ಸಾಲಾ’ ಎಂಬ ಪದವೇ ಹೀಗೆ ರೂಪಾಂತರ ಹೊಂದಿದೆ. ಆ ಮೂರು ವರ್ಷಗಳ ನಡುವೆಯೇ ರಾಜ್ಯದ ಗಡಿ ಹಾದುಹೋಯಿತು. ಖಾಸ್ರಾಕ್ಕಿಂತ ಹಿಂದಿನ ಸೇತ್ವಾರ್ ಮುಂತಾದವು ಉರ್ದುವಿನಲ್ಲಿವೆ. ನಿಜಾಮರ ಆಡಳಿತ 1884ರಲ್ಲಿ ಪರ್ಷಿಯನ್ನಿನಿಂದ ಉರ್ದುವಿಗೆ ತಿರುಗಿತ್ತು.

‘ಪಹಣಿ’ ಎಂಬ ಪದ ಇಂದು ಗಡಿಯ ಎರಡೂ ಕಡೆ ಜನರ ಬಾಯಲ್ಲಿದೆ. ಕರ್ನಾಟಕದಲ್ಲಿ ಅದು ಆರ್.ಟಿ.ಸಿ.ಗೆ ರೂಢಿಯ ಹೆಸರಾಗಿ ಉಳಿಯಿತು. ಪದ ಒಂದೇ ಆದರೂ ಅದರ ಹಿಂದಿನ ಕಾನೂನು 1964ರಿಂದ ಬೇರೆಯಾಗಿದೆ ಎಂಬುದನ್ನು ಗಡಿಭಾಗದ ಅಧ್ಯಯನಕಾರರು ಮರೆಯುವಂತಿಲ್ಲ.

ಸರ್ಕಾರಿ ಭೂಮಿಯ ಬಗೆಗಳು ಮತ್ತು ಬಿಡುಗಡೆಯ ಕ್ರಮ

ವಸತಿಗೆಂದು ಬಿಡುಗಡೆ ಮಾಡಲು ಸರ್ಕಾರದ ಕೈಯಲ್ಲಿರುವ ಭೂಮಿ ಒಂದೇ ಬಗೆಯದಲ್ಲ. ಪಟ್ಟಾದಾರ ಬಿಟ್ಟುಕೊಟ್ಟ ಅಥವಾ ಕಂದಾಯ ಬಾಕಿಯಿಂದ ಖಾತೆಯಿಂದ ಹೊರಬಿದ್ದ ನೆಲ ‘ಖಾರಿಜ್ ಖಾತಾ’. ದನಕರು ಮೇಯಲು ಬಿಟ್ಟದ್ದು ತೆಲಂಗಾಣದಲ್ಲಿ ‘ಬಂಚರಾಯಿ’. ಅದೇ ಗಡಿಯಾಚೆ ‘ಗಾಯರಾಣ’. ಕೆರೆಯಂಗಳ ‘ಶಿಖಂ’. ಇವುಗಳಲ್ಲಿ ಖಾರಿಜ್ ಖಾತಾ ಭೂಮಿಯನ್ನು ನಿವೇಶನಕ್ಕೆ ಪರಿಗಣಿಸುವುದು ಹೆಚ್ಚು ಸುಲಭ. ಮೇವಿನ ನೆಲಕ್ಕೆ ಅದರ ವರ್ಗ ಬದಲಾಯಿಸುವ ಆದೇಶ ಬೇಕು. ಕೆರೆಯಂಗಳವನ್ನು ವಸತಿಗೆ ಕೊಡಲಾಗದು.

ಇಲ್ಲಿಯೇ ಪದವೊಂದು ತೊಡಕು ತರಬಲ್ಲದು. ಕೆರೆಯಂಗಳಕ್ಕೆ ಹೇಳುವ ‘ಶಿಖಂ’ ಮತ್ತು ಪಟ್ಟಾದಾರನ ಕೆಳಗಿನ ಗೇಣಿದಾರನನ್ನು ಅಥವಾ ಪಾಲುದಾರನನ್ನು ಸೂಚಿಸುವ ‘ಶಿಕ್ಮಿ’ ಎರಡೂ ‘ಹೊಟ್ಟೆ’ ಎಂಬರ್ಥದ ಒಂದೇ ಪರ್ಷಿಯನ್ ಪದದಿಂದ ಬಂದವು. ಒಂದು ಕೆರೆಯ ಹೊಟ್ಟೆ, ಇನ್ನೊಂದು ಪಟ್ಟಾದ ಒಳಗೆ ಅಡಗಿರುವ ಹಕ್ಕು. ಮೊದಲನೆಯದು ಭೂಮಿಯನ್ನು ಹಂಚಿಕೆಯಿಂದ ಹೊರಗಿಡುತ್ತದೆ. ಎರಡನೆಯದು ಒಂದು ಕುಟುಂಬದ ಹಕ್ಕಿಗೆ ಸಾಕ್ಷಿಯಾಗುತ್ತದೆ. ನಕಲು ಮಾಡುವಾಗ ಒಂದಕ್ಷರ ತಪ್ಪಿದರೆ ಫಲ ಪೂರ್ತಿ ತಿರುವುಮುರುವಾಗುತ್ತದೆ.

ಸರ್ಕಾರ ಹಿಂದೆಯೇ ಬಡವರಿಗೆ ಹಂಚಿದ ಭೂಮಿಯ ಸ್ಥಿತಿ ಇನ್ನಷ್ಟು ಸೂಕ್ಷ್ಮವಾದುದು. ಹೈದರಾಬಾದ್ ರಾಜ್ಯದಲ್ಲಿ 1950ರ ಲಾವಣಿ ನಿಯಮಗಳಡಿ ಕೊಟ್ಟದ್ದು ಲಾವಣಿ ಪಟ್ಟಾ. 1958ರ ಜುಲೈ ತಿಂಗಳಲ್ಲಿ ಆಂಧ್ರಪ್ರದೇಶ ಸರ್ಕಾರ ತೆಲಂಗಾಣ ಭಾಗಕ್ಕೆ ಹೊಸ ಹಂಚಿಕೆ ನೀತಿಯನ್ನು ಹೊರಡಿಸಿತು. ಆಮೇಲೆ 1977ರ ಅಸೈನ್ಡ್ ಭೂಮಿ ಪರಭಾರೆ ನಿಷೇಧ ಅಧಿನಿಯಮವು ಭೂರಹಿತ ಬಡವರಿಗೆ ಹಂಚಿದ ಹೊಲ ಮತ್ತು ನಿವೇಶನಗಳ ಮಾರಾಟವನ್ನು ತಡೆಯಿತು. ಅಂಥ ನೆಲವನ್ನು ಕೊಂಡವನಿಗೆ ಹಕ್ಕು ಹುಟ್ಟುವುದಿಲ್ಲ. ಆದರೆ ಹಂಚಿಕೆ ಯಾವ ಕಾಲದ್ದು, ಯಾವ ನಿಯಮದ್ದು, ಪರಭಾರೆ ಮಾಡಬಾರದೆಂಬ ಷರತ್ತು ಮೂಲಪತ್ರದಲ್ಲಿ ಇತ್ತೇ ಎಂಬುದರ ಮೇಲೆ ಈ ನಿಷೇಧದ ಅನ್ವಯ ನಿಂತಿದೆ. ಕೊಡಂಗಲ್ಲಿನಲ್ಲಿ 1956ಕ್ಕಿಂತ ಮೊದಲಿನ ಪಟ್ಟಾ ಎಂದರೆ ಗುಲಬರ್ಗಾ ಜಿಲ್ಲೆಯ ಕಚೇರಿ ನೀಡಿದ ಪತ್ರ. ಅದನ್ನು ಓದಿ ಷರತ್ತು ಇದೆಯೇ ಇಲ್ಲವೇ ಎಂದು ಹೇಳಬಲ್ಲವರು ಬೇಕಾಗುತ್ತದೆ.

ಸರ್ಕಾರ ಅಸೈನ್ಡ್ ಭೂಮಿಯನ್ನು ಹಿಂದಕ್ಕೆ ಪಡೆಯುವಾಗ ಪರಿಹಾರದ ಪ್ರಶ್ನೆ ಏಳುತ್ತದೆ. ತಾಂಡೂರಿಗೆ ದೂರವಲ್ಲದ ಚೇವೆಳ್ಳ ಕಂದಾಯ ವಿಭಾಗದಿಂದ ಹೋದ ಮೊಕದ್ದಮೆಯಲ್ಲಿ ಆಂಧ್ರಪ್ರದೇಶ ಉಚ್ಚ ನ್ಯಾಯಾಲಯದ ವಿಸ್ತೃತ ಪೀಠವು 2004ರಲ್ಲಿ, ಸಾರ್ವಜನಿಕ ಉದ್ದೇಶಕ್ಕೆ ನೆಲ ಪಡೆದಾಗ ಅಸೈನ್ಡ್ ಹಿಡುವಳಿದಾರನೂ ಪಟ್ಟಾದಾರನಿಗೆ ಸಮನಾದ ಪರಿಹಾರಕ್ಕೆ ಅರ್ಹನೆಂದು ತೀರ್ಪಿತ್ತಿತು. ಹಂಚಿಕೆಯ ಕಾಗದವನ್ನು ಜೋಪಾನವಾಗಿಟ್ಟುಕೊಂಡ ಕುಟುಂಬಕ್ಕೆ ಈ ತೀರ್ಪು ದೊಡ್ಡ ಆಸರೆ.

ಭೂಮಿಯನ್ನು ಗುರುತಿಸಿದ ಮಾತ್ರಕ್ಕೆ ಬಡಾವಣೆ ಸಿದ್ಧವಾಗುವುದಿಲ್ಲ. ತಹಸೀಲ್ದಾರರ ವರದಿ, ಭೂವರ್ಗದ ಪರಿಶೀಲನೆ, ಸರ್ವೆ ಮತ್ತು ಪೋಡಿ, ರಸ್ತೆ ಹಾಗೂ ತೆರಪು ನೆಲವನ್ನು ತೋರಿಸುವ ನಕ್ಷೆಗೆ ನಗರ ಯೋಜನಾ ಇಲಾಖೆಯ ತಾಂತ್ರಿಕ ಒಪ್ಪಿಗೆ, ಫಲಾನುಭವಿಗಳ ಪಟ್ಟಿ, ಕಡೆಗೆ ಪಟ್ಟಾ ಎಂಬ ಕ್ರಮವಿದೆ. ಖಾಸಗಿ ಹೊಲವಾದರೆ ಕೃಷಿಯೇತರ ಬಳಕೆಗೆ 2006ರ ಅಧಿನಿಯಮದಂತೆ ಪರಿವರ್ತನೆಯೂ ಆಗಬೇಕು. ಈ ಕ್ರಮವನ್ನು ಬಿಟ್ಟು ಹೊಲಗಳನ್ನು ತುಂಡುಮಾಡಿ ಮಾರಿದ್ದರಿಂದಲೇ ರಾಜ್ಯದಾದ್ಯಂತ ಅನುಮೋದನೆಯಿಲ್ಲದ ಬಡಾವಣೆಗಳು ಹುಟ್ಟಿದವು. ಅವನ್ನು ಸಕ್ರಮಗೊಳಿಸಲು 2020ರ ಆಗಸ್ಟ್ 26ನ್ನು ಗಡುವಾಗಿಟ್ಟು ಎಲ್.ಆರ್.ಎಸ್. ಯೋಜನೆ ಬಂದಿತು. ಕೊಡಂಗಲ್ 2018ರಲ್ಲಿ ಪುರಸಭೆಯಾಯಿತು. 2023ರ ಡಿಸೆಂಬರಿನಲ್ಲಿ ಆ ಕ್ಷೇತ್ರಕ್ಕೆಂದೇ ಕೊಡಂಗಲ್ ಪ್ರದೇಶಾಭಿವೃದ್ಧಿ ಪ್ರಾಧಿಕಾರ ರಚನೆಗೊಂಡಿತು. ಹೀಗೆ ಮನೆ ಕಟ್ಟುವವನು ಎದುರಿಸಬೇಕಾದ ಕಚೇರಿಗಳ ಸಂಖ್ಯೆಯೂ ನಮೂನೆಗಳ ಸಂಖ್ಯೆಯೂ ಬೆಳೆದಿವೆ.

ಊರೊಳಗಿನ ನೆಲ: ಆಬಾದಿ, ಗ್ರಾಮಕಂಠ, ತಾಂಡಾ

ಹೊಲಕ್ಕೆ ಪಹಣಿಯಿದೆ, ಪಟ್ಟಾದಾರ್ ಪಾಸುಪುಸ್ತಕವಿದೆ. ಊರೊಳಗಿನ ಮನೆಗೆ ಅವೆರಡೂ ಇಲ್ಲ. ಕರ್ನಾಟಕದವರು ಗಾವಠಾಣ ಅಥವಾ ಗ್ರಾಮಠಾಣಾ ಎನ್ನುವುದನ್ನು ತೆಲಂಗಾಣದ ದಾಖಲೆಗಳು ಆಬಾದಿ ಅಥವಾ ಗ್ರಾಮಕಂಠ ಎನ್ನುತ್ತವೆ. ಸರ್ವೆಯ ಕಾಲದಲ್ಲಿ ಊರನ್ನು ಒಟ್ಟಾಗಿ ಬಿಟ್ಟು ಸುತ್ತಲಿನ ಹೊಲಗಳನ್ನು ಮಾತ್ರ ಅಳೆದುದರಿಂದ ಪ್ರತಿ ಮನೆಗೂ ಪ್ರತ್ಯೇಕ ಸರ್ವೆ ನಂಬರು ಬರಲಿಲ್ಲ. ಮೂರು ತಲೆಮಾರು ವಾಸವಾಗಿದ್ದ ಮನೆಗೂ ಆಧಾರವೆಂದರೆ ಪಂಚಾಯತಿಯ ಮನೆ ನಂಬರು ಮತ್ತು ಮನೆಗಂದಾಯದ ರಸೀದಿ. ಕರ್ನಾಟಕ ಈ ಕೊರತೆಯನ್ನು ಇ-ಸ್ವತ್ತು ವ್ಯವಸ್ಥೆಯ 9 ಮತ್ತು 11ನೆಯ ನಮೂನೆಗಳ ಮೂಲಕ ತುಂಬಲು ಯತ್ನಿಸಿತು.

ತೆಲಂಗಾಣದಲ್ಲಿ 2020ರ ಅಕ್ಟೋಬರ್ 29ರಂದು ಧರಣಿ ಎಂಬ ಗಣಕೀಕೃತ ವ್ಯವಸ್ಥೆ ಬಂದಾಗ ಅದರ ಗಮನ ಮುಖ್ಯವಾಗಿ ಕೃಷಿಭೂಮಿಯ ಮೇಲಿತ್ತು. ಅದೇ ವರ್ಷ ಗ್ರಾಮ ಕಂದಾಯಾಧಿಕಾರಿಯ ಹುದ್ದೆ ರದ್ದಾಯಿತು. ಊರಿನ ನೆಲವನ್ನು ಕಣ್ಣಾರೆ ಬಲ್ಲ ಮೆಟ್ಟಿಲೊಂದು ಅದರೊಡನೆ ಇಲ್ಲವಾಯಿತು. 2025ರ ಭೂಭಾರತಿ ಅಧಿನಿಯಮವು ಧರಣಿಯ ಸ್ಥಾನಕ್ಕೆ ಬಂದು, ಕಂದಾಯಾಧಿಕಾರಿಗಳ ಮುಂದೆ ಮೇಲ್ಮನವಿಯ ಹಂತಗಳನ್ನು ಮರಳಿ ತಂದಿತಲ್ಲದೆ ಆಬಾದಿ ಮತ್ತು ಕೃಷಿಯೇತರ ನೆಲಕ್ಕೂ ಹಕ್ಕುದಾಖಲೆ ಇಡುವ ಅವಕಾಶ ಕಲ್ಪಿಸಿತು. ಅದನ್ನು ಪ್ರಾಯೋಗಿಕವಾಗಿ ಆರಂಭಿಸಿದ ನಾಲ್ಕು ಮಂಡಲಗಳಲ್ಲಿ ಕೊಡಂಗಲ್ ವಿಧಾನಸಭಾ ಕ್ಷೇತ್ರದ ಮದ್ದೂರು ಒಂದು. ಊರೊಳಗಿನ ಮನೆಗೆ ಮೊದಲ ಬಾರಿ ಹಕ್ಕುದಾಖಲೆ ಬರೆಯುವ ಕಾಲದಲ್ಲಿ ಅದರಲ್ಲಿ ಹೆಸರು ಹೇಗೆ ನಮೂದಾಗುತ್ತದೆ ಎಂಬುದು ಮುಂದಿನ ತಲೆಮಾರುಗಳಿಗೂ ಮುಖ್ಯವಾದ ಸಂಗತಿ.

ಲಂಬಾಣಿ ತಾಂಡಾಗಳ ವಿಷಯದಲ್ಲಿ ಎರಡು ರಾಜ್ಯಗಳು ಹಿಡಿದ ದಾರಿ ಹೋಲಿಕೆಗೆ ಯೋಗ್ಯ. ತೆಲಂಗಾಣ 2018ರ ಪಂಚಾಯತ್ ರಾಜ್ ಅಧಿನಿಯಮದ ಸಂದರ್ಭದಲ್ಲಿ 500ಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ತಾಂಡಾಗಳನ್ನು ಪ್ರತ್ಯೇಕ ಗ್ರಾಮ ಪಂಚಾಯತಿಗಳನ್ನಾಗಿ ಮಾಡಿತು. ಕರ್ನಾಟಕ ದಾಖಲೆಯಲ್ಲಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ದಾರಿ ಹಿಡಿಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ವಸತಿಗಳು ಹೀಗೆ ಘೋಷಣೆಗೊಂಡು, 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ನಡೆಯಿತು. ಸೇಡಂ ಕೊಡಂಗಲ್ ಸೀಮೆಗೆ ತಗುಲಿಕೊಂಡಿರುವ ತಾಲ್ಲೂಕು. 1956ಕ್ಕೆ ಮೊದಲು ಎರಡೂ ಒಂದೇ ಜಿಲ್ಲೆಯವು.

ಪಂಚಾಯತಿಯಾಗುವುದು ಬೇರೆ, ಕಂದಾಯ ಗ್ರಾಮವಾಗುವುದು ಬೇರೆ. ಪಂಚಾಯತಿ ಸರಪಂಚನನ್ನೂ ಅನುದಾನವನ್ನೂ ಕೊಡುತ್ತದೆ. ಕಂದಾಯ ಗ್ರಾಮಕ್ಕೆ ತನ್ನದೇ ನಕ್ಷೆ ಮತ್ತು ದಾಖಲೆ ಇರುತ್ತವೆ. ಮನೆಯಡಿಯ ನೆಲ ಯಾರದೆಂದು ಹೇಳುವುದು ಆ ದಾಖಲೆಯೇ. ‘ಉಳುವವನೇ ಹೊಲದೊಡೆಯ’ ಎಂಬ ತತ್ತ್ವವನ್ನು ವಾಸದ ನೆಲಕ್ಕೂ ವಿಸ್ತರಿಸಿದ ಭೂಸುಧಾರಣಾ ಅಧಿನಿಯಮದ 38-ಎ ಕಲಂ ಕರ್ನಾಟಕದ ಈ ಕ್ರಮದ ಹಿಂದಿತ್ತು.

ಸರ್ಕಾರಿ ನೆಲದಲ್ಲಿ ಈಗಾಗಲೇ ಮನೆ ಕಟ್ಟಿಕೊಂಡವರಿಗೂ ಎರಡೂ ಕಡೆ ದಾರಿಗಳಿವೆ. ಕರ್ನಾಟಕದಲ್ಲಿ ಭೂಕಂದಾಯ ಅಧಿನಿಯಮದ 94-ಸಿ ಮತ್ತು 94-ಸಿಸಿ ಕಲಂಗಳು. ತೆಲಂಗಾಣದಲ್ಲಿ 2014ರ ಡಿಸೆಂಬರಿನ 58 ಮತ್ತು 59ನೆಯ ಸರ್ಕಾರಿ ಆದೇಶಗಳು. 58ನೆಯ ಆದೇಶ ಬಡತನರೇಖೆಯ ಕೆಳಗಿನ ಕುಟುಂಬಕ್ಕೆ 125 ಚದರ ಗಜದವರೆಗೆ ಉಚಿತವಾಗಿ ಸಕ್ರಮಗೊಳಿಸಲು ಅವಕಾಶವಿತ್ತಿತು.

ಅಳತೆ, ಹೆಸರು, ಲಿಪಿ

ಗಡಿಯಾಚೆಗೆ ಬಂಧುಬಳಗವಿರುವ ಕುಟುಂಬಗಳಿಗೆ ಅಳತೆಯೇ ಮೊದಲ ಗೊಂದಲ. ಕರ್ನಾಟಕದಲ್ಲಿ ನಿವೇಶನವನ್ನು ಅಡಿಗಳಲ್ಲಿ ಹೇಳುತ್ತಾರೆ, ತೆಲಂಗಾಣದಲ್ಲಿ ಗಜಗಳಲ್ಲಿ. 30×40 ಅಡಿಯ ನಿವೇಶನ 1,200 ಚದರ ಅಡಿ, ಅಂದರೆ ಸುಮಾರು 133 ಚದರ ಗಜ. ಒಂದು ಗುಂಟೆ 121 ಚದರ ಗಜ ಅಥವಾ 1,089 ಚದರ ಅಡಿ. ಹಾಗಾಗಿ 125 ಗಜದ ಮಿತಿ ಒಂದು ಗುಂಟೆಗಿಂತ ಸ್ವಲ್ಪವೇ ಹೆಚ್ಚು. 30×40ರ ನಿವೇಶನ ಆ ಮಿತಿಯನ್ನು ಮೀರುತ್ತದೆ.

ಹೆಸರಿನ ತೊಡಕು ಇನ್ನೂ ಆಳವಾದುದು. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಎ-ಏ, ಒ-ಓ ಭೇದವಿಲ್ಲ. ಳಕಾರ, ಣಕಾರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ತೆಲುಗು ಲಿಪಿಯಲ್ಲಿ ಇವೆಲ್ಲ ಇದ್ದರೂ, ಉರ್ದುವಿನಿಂದ ಇಳಿಸಿಕೊಳ್ಳುವವನು ತನ್ನ ಕಿವಿಗೆ ಒಗ್ಗಿದ ರೂಪವನ್ನೇ ಬರೆಯುವುದು ಸಹಜ. ‘ಹಳ್ಳಿ’ ‘ಪಲ್ಲಿ’ಯಾಗುತ್ತದೆ; ‘ಶರಣವ್ವ’ ‘ಶರಣಮ್ಮ’ ಆಗಬಹುದು. ಗಣಕಯಂತ್ರಕ್ಕೆ ರೋಮನ್ ಅಕ್ಷರಗಳಲ್ಲಿ ಹೋದಾಗ ದೀರ್ಘ-ಹ್ರಸ್ವ ಭೇದ ಮತ್ತೊಮ್ಮೆ ಅಳಿಯುತ್ತದೆ. ತೆಲುಗಿನಲ್ಲಿ ಮನೆತನದ ಹೆಸರು ಮೊದಲು ಬರುವುದು ವಾಡಿಕೆ. ಈ ಭಾಗದ ಕನ್ನಡಿಗರಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ವ್ಯಕ್ತಿಯ ಹೆಸರಿನ ಬಳಿಕ ಬರುವ ರೂಢಿಯುಂಟು. ಖಾಸ್ರಾದ ಅಜ್ಜ, ಪಾಸುಪುಸ್ತಕದ ಮಗ, ಆಧಾರ್ ಕಾರ್ಡಿನ ಮೊಮ್ಮಗ ಒಂದೇ ವಂಶದವರೆಂದು ತೋರಿಸುವ ಹೊರೆ ಅರ್ಜಿದಾರನ ಮೇಲೆ ಬೀಳುತ್ತದೆ. ಭಾಷಾವಿಜ್ಞಾನಕ್ಕೆ ಧ್ವನಿವ್ಯತ್ಯಾಸವೆನಿಸುವುದು ಕಂದಾಯ ಕಚೇರಿಯಲ್ಲಿ ವ್ಯಕ್ತಿವ್ಯತ್ಯಾಸವಾಗಿಬಿಡುತ್ತದೆ.

‘ಪ್ರಾದೇಶಿಕ ಭಾಷೆ’ ಮತ್ತು ‘ಸ್ಥಳೀಯ ಭಾಷೆ’

ಸರ್ಕಾರದ ಬಳಿ ನೆಲವಿಲ್ಲದಿದ್ದಾಗ ಅಥವಾ ಉದ್ಯಮ, ವಸತಿಗಳಿಗೆ ವಿಶಾಲ ಪ್ರದೇಶ ಬೇಕಾದಾಗ ಭೂಸ್ವಾಧೀನ ಬರುತ್ತದೆ. ನ್ಯಾಲಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ ಬಹುಕಾಲದಿಂದ ರೂಪುಗೊಳ್ಳುತ್ತಿದೆ. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದ್ ಸೇರಿದೆ. ಕೊಡಂಗಲ್ ಕ್ಷೇತ್ರದ ದುದ್ಯಾಲ ಮಂಡಲದ ಲಗಚರ್ಲ ಮತ್ತು ಸುತ್ತಲಿನ ತಾಂಡಾಗಳಲ್ಲಿ ಔಷಧ ಉದ್ಯಮಕ್ಕೆಂದು ಭೂಮಿ ಪಡೆಯಲು ಸರ್ಕಾರ ಮುಂದಾದಾಗ, 2024ರ ನವೆಂಬರ್ 11ರ ಅಭಿಪ್ರಾಯ ಸಂಗ್ರಹದ ಸಂದರ್ಭ ಘರ್ಷಣೆಗೆ ತಿರುಗಿತು. ಆ ತಿಂಗಳ ಕೊನೆಗೆ ಅಧಿಸೂಚನೆ ಹಿಂಪಡೆಯಲ್ಪಟ್ಟು ಕೈಗಾರಿಕಾ ಪಾರ್ಕಿನ ಹೆಸರಿನಲ್ಲಿ ಹೊಸದು ಬಂದಿತು. ಆ ನೆಲದಲ್ಲಿ ಅಸೈನ್ಡ್ ಭೂಮಿಯೂ ಇತ್ತು. ಒಪ್ಪಿಗೆ ಕೇಳುವ ಮೊದಲು ಜನರಿಗೆ ಏನು, ಹೇಗೆ ತಿಳಿಸಲಾಗಿದೆ ಎಂಬುದು ಎಷ್ಟು ಗಂಭೀರವಾದ ವಿಷಯವೆಂಬುದಕ್ಕೆ ಈ ಪ್ರಕರಣ ನಿದರ್ಶನ.

2013ರ ಭೂಸ್ವಾಧೀನ ಅಧಿನಿಯಮದ ಭಾಷೆಯನ್ನು ಈ ದೃಷ್ಟಿಯಿಂದ ಓದುವುದು ಉಪಯುಕ್ತ. ಅದರ 11ನೆಯ ಕಲಂ ಪ್ರಾಥಮಿಕ ಅಧಿಸೂಚನೆಯ ಪ್ರಕಟಣೆಯನ್ನು ಕುರಿತದ್ದು. ಎರಡು ದಿನಪತ್ರಿಕೆಗಳಲ್ಲಿ ಒಂದು ‘ಪ್ರಾದೇಶಿಕ ಭಾಷೆ’ಯದಾಗಿರಬೇಕು, ಪಂಚಾಯತಿ, ಪುರಸಭೆ ಮತ್ತು ಕಂದಾಯ ಕಚೇರಿಗಳಲ್ಲಿ ಪ್ರಕಟಣೆ ‘ಸ್ಥಳೀಯ ಭಾಷೆ’ಯಲ್ಲಿರಬೇಕು. ಒಂದೇ ಕಲಮಿನಲ್ಲಿ ಎರಡು ಬೇರೆ ಪದಗಳನ್ನು ಬಳಸಲಾಗಿದೆ. ಎರಡಕ್ಕೂ ವ್ಯಾಖ್ಯೆ ಕೊಟ್ಟಿಲ್ಲ. ಶಾಸನದಲ್ಲಿ ಬೇರೆ ಪದ ಬಂದಾಗ ಬೇರೆ ಅರ್ಥ ಉದ್ದೇಶಿತವಾಗಿದೆಯೆಂದು ಊಹಿಸುವುದು ಅರ್ಥವಿವರಣೆಯ ಸಾಮಾನ್ಯ ಸೂತ್ರ. ಆ ಪ್ರಕಾರ ತೆಲಂಗಾಣದ ಪ್ರಾದೇಶಿಕ ಭಾಷೆ ತೆಲುಗು ಎಂಬುದನ್ನು ಒಪ್ಪಿಕೊಂಡೇ, ಕನ್ನಡ ಮನೆಮಾತಿನವರು ಗಣನೀಯವಾಗಿರುವ ಊರಿನಲ್ಲಿ ಸ್ಥಳೀಯ ಭಾಷೆ ಕನ್ನಡವೂ ಹೌದು ಎಂದು ವಾದಿಸಲು ಎಡೆಯಿದೆ. ತೆಲಂಗಾಣದ ತಿದ್ದುಪಡಿಯು ಬಡವರ ವಸತಿಯೂ ಸೇರಿದಂತೆ ಕೆಲವು ಯೋಜನೆಗಳನ್ನು ಸಾಮಾಜಿಕ ಪರಿಣಾಮದ ಅಧ್ಯಯನದಿಂದ ಬಿಡುಗಡೆಗೊಳಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿರುವುದರಿಂದ, ಅಧ್ಯಯನ ಕೈಬಿಟ್ಟ ಕಡೆ ಜನರಿಗೆ ವಿಷಯ ತಲಪುವ ಮುಖ್ಯ ಬಾಗಿಲು 11ನೆಯ ಕಲಮಿನ ಈ ಪ್ರಕಟಣೆಯೇ.

ವಸತಿ ಹಂಚಿಕೆಯ ಸಾಮಾನ್ಯ ಪ್ರಕಟಣೆಗಳಿಗೂ ಆಧಾರವೊಂದಿದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಜ್ಞಾಪನಪತ್ರವು, ಪುರಸಭೆ ಅಥವಾ ತಾಲ್ಲೂಕಿನಂಥ ಚಿಕ್ಕ ಘಟಕದಲ್ಲಿ ಶೇ. 15ರಿಂದ 20ರಷ್ಟು ಅಲ್ಪಸಂಖ್ಯಾತರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿಯೂ ಹೊರತರುವುದು ಅಪೇಕ್ಷಣೀಯವೆಂದಿತು. ಸಂವಿಧಾನದ 350ನೆಯ ಅನುಚ್ಛೇದದಂತೆ ಅಹವಾಲನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. 350-ಬಿ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಹುದ್ದೆಯನ್ನು ಸೃಷ್ಟಿಸಿತು. ತೆಲಂಗಾಣ 2017ರಲ್ಲಿ ಉರ್ದುವನ್ನು ಇಡೀ ರಾಜ್ಯಕ್ಕೆ ಎರಡನೆಯ ಅಧಿಕೃತ ಭಾಷೆಯಾಗಿಸಿತು. ಕನ್ನಡಕ್ಕೆ ಅಲ್ಲಿ ಅಧಿಕೃತ ಸ್ಥಾನವಿಲ್ಲವಾದರೂ ಪ್ರಕಟಣೆ ಮತ್ತು ಅಹವಾಲುಗಳ ಮಟ್ಟಿಗೆ ಈ ಆಧಾರಗಳು ಅದಕ್ಕೂ ಅನ್ವಯಿಸುತ್ತವೆ.

ಆಗಬೇಕಾದ ಕಾರ್ಯ

ಮೇಲಿನ ವಿವರಗಳಿಂದ ಅಧ್ಯಯನ ಕೇಂದ್ರಗಳಿಗೆ ಸಂಬಂಧಿಸಿದ ಮೂರು ಕಾರ್ಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಉರ್ದು-ತೆಲುಗು-ಕನ್ನಡ ಕಂದಾಯ ಪದಕೋಶ. ಬಂಚರಾಯಿ ಮತ್ತು ಗಾಯರಾಣ, ಗ್ರಾಮಕಂಠ ಮತ್ತು ಗಾವಠಾಣ, ಪಟ್ಟಾ ಮತ್ತು ಹಕ್ಕುಪತ್ರಗಳನ್ನು ಕೇವಲ ಸಮಾನಪದಗಳಾಗಿ ನೀಡದೆ, ಎರಡು ರಾಜ್ಯಗಳ ಕಾನೂನಿನಲ್ಲಿ ಅವುಗಳ ಅರ್ಥ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ಅದು ತಿಳಿಸಬೇಕು. ಎರಡನೆಯದು, ಹೆಸರುಗಳ ರೂಪಭೇದ ಸೂಚಿ. ಒಂದು ಊರಿನ ಖಾಸ್ರಾ, ಚೇಸಲಾ ಮತ್ತು ಇಂದಿನ ದಾಖಲೆಗಳಲ್ಲಿ ಬರುವ ವ್ಯಕ್ತಿನಾಮ, ಗ್ರಾಮನಾಮಗಳ ರೂಪಗಳನ್ನು ಹೋಲಿಸಿ ಲಿಪ್ಯಂತರದ ನಿಯಮಗಳನ್ನು ಗುರುತಿಸಿದರೆ, ಅರ್ಜಿದಾರನ ವಂಶಾವಳಿಯನ್ನು ಪರಿಶೀಲಿಸುವ ಅಧಿಕಾರಿಗೂ ಅದು ನೆರವಾದೀತು. ಮೂರನೆಯದು, ಪ್ರಕಟಣೆಗಳ ಕನ್ನಡ ಮಾದರಿ. ಗ್ರಾಮಸಭೆಯ ತಿಳುವಳಿಕೆ, ಫಲಾನುಭವಿಗಳ ಪಟ್ಟಿ, 11ನೆಯ ಕಲಮಿನ ಅಧಿಸೂಚನೆ ಇವುಗಳ ಕರಡು ಕನ್ನಡದಲ್ಲಿ ಸಿದ್ಧವಿದ್ದರೆ ಜಿಲ್ಲಾಧಿಕಾರಿಯನ್ನು ಕೇಳುವ ಬೇಡಿಕೆಗೆ ಬಲ ಬರುತ್ತದೆ.

ಈ ಪ್ರದೇಶದ ಕನ್ನಡವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಶಾಲೆ, ಶಾಸನ ಮತ್ತು ಜಾನಪದಗಳ ಸುತ್ತ ನಡೆದಿದೆ. ಆಬಾದಿ ನೆಲದ ದಾಖಲೆ ಹೊಸದಾಗಿ ಬರೆಯಲ್ಪಡುತ್ತಿರುವ, ಬಡಾವಣೆಯ ನಕ್ಷೆಗಳು ಸಿದ್ಧವಾಗುತ್ತಿರುವ ಈ ಹೊತ್ತಿನಲ್ಲಿ ಕಂದಾಯ ದಾಖಲೆಯನ್ನೂ ಆ ಚರ್ಚೆಗೆ ಸೇರಿಸಿಕೊಳ್ಳಬೇಕಾಗಿದೆ. ದಾಖಲೆ ಒಮ್ಮೆ ಅಂತಿಮಗೊಂಡ ಮೇಲೆ ಅದರಲ್ಲಿ ಒಂದು ಹೆಸರನ್ನು ತಿದ್ದಿಸುವುದು ಎಷ್ಟು ಕಷ್ಟವೆಂಬುದನ್ನು 1954-55ರ ಪಹಣಿಯ ನಕಲಿಗಾಗಿ ಇಂದಿಗೂ ಕಚೇರಿಗೆ ಅಲೆಯುವ ಕುಟುಂಬಗಳು ಬಲ್ಲವು.